ಗಾಳಿ, ಪ್ರಾಣ, ಆತ್ಮ: ಉಕ್ಕಡಗಾತ್ರಿಯ ಒಂದು ಮಾತಿನ ಹಿಂದಿನ ಚರಿತ್ರೆ

ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಉಕ್ಕಡಗಾತ್ರಿ ಇದೆ. ಅಲ್ಲಿಯ ಕರಿಬಸವೇಶ್ವರರ ಗದ್ದುಗೆಯನ್ನು ಸುತ್ತಣ ಸೀಮೆಯವರೆಲ್ಲ ‘ಅಜ್ಜಯ್ಯ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಅಮಾವಾಸ್ಯೆಯಂದು ಸೇರುವ ಜನಸಂದಣಿ, ಮಳೆಗಾಲದಲ್ಲಿ ಹೊಳೆ ಏರಿದಾಗ ಮುಳುಗುವ ಸೇತುವೆ, ಮನಸ್ಸು ಕೆಟ್ಟವರನ್ನು ಕರೆತಂದು ವಾರಗಟ್ಟಲೆ ತಂಗುವ ಕುಟುಂಬಗಳು: ಈ ಮೂರರಿಂದಾಗಿ ಊರಿನ ಹೆಸರು ಪತ್ರಿಕೆಗಳಲ್ಲಿ ಮರಳಿ ಮರಳಿ ಕಾಣಿಸುತ್ತದೆ. ಪ್ರಸ್ತುತ ಲೇಖನದ ಆಸಕ್ತಿ ಇರುವುದು ಇಲ್ಲಿಗೆ ಬರುವವರು ತಮ್ಮ ಬರವಿಗೆ ಕಾರಣವಾಗಿ ಹೇಳುವ ಒಂದು ವಾಕ್ಯದಲ್ಲಿ. ‘ಆಕಿಗೆ ಗಾಳಿ ಬಡದೈತಿ, ಅಜ್ಜಯ್ಯನತ್ರ ಕರ್ಕಂಡ್ ಬಂದೀವಿ’ ಎಂಬ ಮಾದರಿಯ ಮಾತು ಈ ಭಾಗದ ಆಡುನುಡಿಯಲ್ಲಿ ತೀರ ಸಹಜವಾದುದು. ಪತ್ರಿಕೆಯಲ್ಲಿ ಇದೇ ಸಂಗತಿ ‘ಭೂತೋಚ್ಚಾಟನೆ’ಯಾಗುತ್ತದೆ, ಇಂಗ್ಲಿಷ್ ಬರಹದಲ್ಲಿ ‘ಪೊಸೆಷನ್’ ಮತ್ತು ‘ಎಕ್ಸಾರ್ಸಿಸಂ’ ಆಗುತ್ತದೆ, ವಿದ್ವತ್ ಬರಹದಲ್ಲಿ ‘ಮೂಢನಂಬಿಕೆ’ ಅಥವಾ ‘ಜಾನಪದ ಚಿಕಿತ್ಸೆ’ ಎಂಬ ತಲೆಬರಹದಡಿ ಸೇರುತ್ತದೆ. ಇವು ಸಮಾನಾರ್ಥಕಗಳಲ್ಲ. ಒಂದೊಂದು ಪದವೂ ಬೇರೊಂದು ಸಂಪ್ರದಾಯದ ಸಾಮಾನನ್ನು ಹೊತ್ತು ತಂದಿದೆ. ಇವುಗಳ ನಡುವೆ ‘ಗಾಳಿ’ ಎಂಬ ಪದಕ್ಕೆ ಏನಾಯಿತೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಊರಿನ ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ‘ಉಕ್ಕಡ’ ಎಂದರೆ ಕಾವಲಿನ ಠಾಣೆ. ಗಾಳಿಯನ್ನು ತಡೆಯುವ ಊರಿಗೆ ಕಾವಲಿನ ಹೆಸರು ಒಪ್ಪುತ್ತದೆಯೆಂದು ಯಾರಿಗಾದರೂ ಹೊಳೆಯಬಹುದು. ಇಂಥ ಒಪ್ಪಿಗೆಯನ್ನು ನಿಷ್ಪತ್ತಿಯೆಂದು ಭಾವಿಸುವ ಚಪಲ ಅಧ್ಯಾತ್ಮ ಪರಿಭಾಷೆಯ ಅಧ್ಯಯನಗಳಲ್ಲಿ ಹೆಚ್ಚು. ಆದಕಾರಣ ಅದನ್ನು ಆರಂಭದಲ್ಲಿಯೇ ಬದಿಗಿಡುವುದು ಲೇಸು.

ಒಂದೇ ಪದದ ಎರಡು ತುದಿ

ಬೀಸುವ ಗಾಳಿ, ಆಡುವ ಉಸಿರು, ಕಾಣದ ಚೇತನ ಈ ಮೂರಕ್ಕೂ ಒಂದೇ ಪದವನ್ನು ಅಥವಾ ಒಂದೇ ಧಾತುವನ್ನು ಬಳಸಿದ ಭಾಷೆಗಳು ಹಲವು. ಹೀಬ್ರೂವಿನ ‘ರೂಆಹ್’ ಗಾಳಿಯೂ ಹೌದು, ದೇವರ ಚೈತನ್ಯವೂ ಹೌದು. ಸೌಲ ರಾಜನನ್ನು ಕಾಡಿದ ಕೆಟ್ಟ ಚೇತನಕ್ಕೂ ಅದೇ ಪದ. ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರು ಅದಕ್ಕೆ ‘ಪ್ನ್ಯೂಮ’ ಎಂಬ ಪದವನ್ನು ಆರಿಸಿದರು. ಅದು ಬೀಸು, ಊದು ಎಂಬರ್ಥದ ಕ್ರಿಯಾಪದದಿಂದ ಬಂದುದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪವಿತ್ರ ಚೇತನವೂ ಪ್ನ್ಯೂಮ, ರೋಗಿಯನ್ನು ನೆಲಕ್ಕೆ ಕೆಡಹುವ ಅಶುದ್ಧ ಚೇತನವೂ ಪ್ನ್ಯೂಮ. ಬೇರ್ಪಡಿಸುವುದು ವಿಶೇಷಣ ಮಾತ್ರ. ಲ್ಯಾಟಿನ್ನಿನ ‘ಸ್ಪಿರಿಟುಸ್’ ಉಸಿರಾಡು ಎಂಬ ಕ್ರಿಯೆಯಿಂದ ಹುಟ್ಟಿತು; ‘ಆನಿಮ’ ಗ್ರೀಕಿನ ಗಾಳಿಯಾದ ‘ಆನೆಮೊಸ್’ ಪದದ ಬಂಧು. ಅರಬ್ಬಿಯಲ್ಲಿ ಗಾಳಿ ‘ರೀಹ್’, ಚೇತನ ‘ರೂಹ್’. ಎರಡಕ್ಕೂ ಧಾತು ಒಂದೇ.

ಸಂಸ್ಕೃತ ಈ ಕೂಟಕ್ಕೆ ಹೊರಗಲ್ಲ. ‘ಪ್ರಾಣ’ದೊಳಗಿನ ‘ಅನ್’ ಧಾತುವಿಗೆ ಉಸಿರಾಡು ಎಂದೇ ಅರ್ಥ. ಅದು ಲ್ಯಾಟಿನ್ನಿನ ಆನಿಮದ ದಾಯಾದಿ. ‘ಆತ್ಮನ್’ ಪದವನ್ನು ಉಸಿರೆಂಬರ್ಥದ ಜರ್ಮನಿನ ‘ಆಟೆಮ್’ ಜೊತೆ ಇಡುವುದು ವಾಡಿಕೆ. ಟಿಬೆಟ್ಟಿನ ವೈದ್ಯದಲ್ಲಿ ಮನಸ್ಸು ‘ಲುಂಗ್’ ಎಂಬ ಗಾಳಿಯನ್ನೇರಿ ಸಂಚರಿಸುತ್ತದೆ, ಆ ಗಾಳಿ ಕೆಟ್ಟರೆ ಮನಸ್ಸು ಕೆಡುತ್ತದೆ. ನಮ್ಮ ಪ್ರಕರಣಕ್ಕೆ ಎಲ್ಲಕ್ಕಿಂತ ಸಮೀಪದ ಹೋಲಿಕೆ ದಕ್ಷಿಣ ಇರಾನಿನ ಕಡಲತಡಿಯದು. ಅಲ್ಲಿ ಜನರನ್ನು ಕಾಡುವ ಚೇತನಗಳ ಹೆಸರೇ ‘ಬಾದ್’, ಅಂದರೆ ಗಾಳಿ. ಅದು ಏರಿದ ವ್ಯಕ್ತಿ ಅದರ ವಾಹನ. ಗುಲಾಮ್ ಹುಸೇನ್ ಸಾಏದಿ ಈ ಆಚರಣೆಗಳ ಕುರಿತು 1966ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ‘ಅಹ್ಲೆ ಹವಾ’, ಗಾಳಿಯ ಜನ, ಎಂದೇ ಹೆಸರಿಟ್ಟರು. ಹಿಂದಿ ಪ್ರದೇಶದ ‘ಊಪರಿ ಹವಾ’, ತಮಿಳಿನ ‘ಕಾತ್ತು ಕರುಪ್ಪು’, ತೆಲುಗಿನ ‘ಗಾಲಿ ಸೋಕಡಂ’ ಇವೆಲ್ಲ ಉಕ್ಕಡಗಾತ್ರಿಯ ಮಾತಿನ ನೆರೆಹೊರೆಯವು.

ಹೀಗಿರುವಾಗ ‘ಗಾಳಿ’ಯನ್ನು ಗ್ರಾಮ್ಯರ ಅಜ್ಞಾನಕ್ಕೆ ಆರೋಪಿಸುವುದು ಭಾಷಾಚರಿತ್ರೆಗೆ ಸಲ್ಲದು. ಅದು ಪ್ನ್ಯೂಮ, ರೂಆಹ್‌ಗಳ ಸಾಲಿನ ಪದ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಒಂದೇ ಪದ ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಹಿಡಿದಿತ್ತು. ಕನ್ನಡದಲ್ಲಿ ಎರಡು ತುದಿಗಳು ಎರಡು ಭಾಷಾಸ್ತರಗಳಿಗೆ ಹಂಚಿಹೋದವು.

ಹಂಚಿಕೆಯ ಬಗೆ

ಕನ್ನಡದಲ್ಲಿ ಉಸಿರಿನ ಸಂಸ್ಕೃತ ಪದಗಳೆಲ್ಲ ಮೇಲಕ್ಕೆ ಏರಿವೆ. ವೀರಶೈವ ಷಟ್‌ಸ್ಥಲದ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಏಣಿಯಲ್ಲಿ ನಾಲ್ಕನೆಯ ಮೆಟ್ಟಿಲು ಪ್ರಾಣಲಿಂಗಿಯದು: ಉಸಿರೇ ಲಿಂಗವಾದವನು. ಮಾಧ್ವ ಸಂಪ್ರದಾಯದಲ್ಲಿ ವಾಯು ಜೀವೋತ್ತಮ. ಹನುಮ, ಭೀಮ, ಮಧ್ವ ಮೂವರೂ ಅವನ ಅವತಾರಗಳು, ಹನುಮನಿಗೆ ಮುಖ್ಯಪ್ರಾಣನೆಂದೇ ಹೆಸರು. ಈ ನಡುವೆ ಒಂದು ವಿಚಿತ್ರವನ್ನು ಯಾರೂ ಗಮನಿಸಿದಂತೆ ತೋರುವುದಿಲ್ಲ. ಗಾಳಿ ಸೋಕಿದವರನ್ನು ಊರಿನ ಹನುಮಪ್ಪನ ಗುಡಿಗೆ ಕರೆದೊಯ್ದು ಅಂತ್ರ ಕಟ್ಟಿಸುತ್ತಾರೆ. ಅಂದರೆ ಗಾಳಿಯ ಮಗನಿಂದ ಗಾಳಿಯನ್ನು ಬಿಡಿಸುತ್ತಾರೆ. ಆದರೂ ಆಡುವವರ ಕಿವಿಗೆ ಇದು ಶ್ಲೇಷೆಯಾಗಿ ಕೇಳಿಸುವುದಿಲ್ಲ. ವಾಯು ಬೇರೆ, ಗಾಳಿ ಬೇರೆ. ಒಂದೇ ವಸ್ತುವಿನ ಎರಡು ಹೆಸರುಗಳು ಎರಡು ಲೋಕಗಳಾಗಿ ನಿಂತಿವೆ.

ದೇಶ್ಯ ಪದಗಳೆಲ್ಲ ಕೆಳಗಿಳಿದವೆಂದು ಇದರಿಂದ ತಿಳಿಯಬಾರದು. ‘ಉಸಿರು’ ತಮಿಳಿನ ‘ಉಯಿರ್’ ಪದದ ಜ್ಞಾತಿಯಾಗಿ ಜೀವವೆಂಬ ಗೌರವವನ್ನು ಉಳಿಸಿಕೊಂಡಿತು. ‘ಬಯಲು’ ಅಂತೂ ವಚನಕಾರರ ಕೈಯಲ್ಲಿ ಊರಾಚೆಯ ಬರಿಯ ನೆಲದಿಂದ ಪರತತ್ತ್ವದವರೆಗೆ ಬೆಳೆಯಿತು. ಇಂಗ್ಲಿಷ್ ಅನುವಾದಗಳ ‘ವಾಯ್ಡ್’ ಅದರ ವಿಸ್ತಾರವನ್ನು ಬಿಟ್ಟು ಶೂನ್ಯವನ್ನು ಮಾತ್ರ ಹಿಡಿಯುತ್ತದೆ. ಆದರೆ ‘ಆವಿ’ಯ ಪಾಡು ಬೇರೆಯಾಯಿತು. ತಮಿಳಿನಲ್ಲಿ ಆವಿ ಎಂದರೆ ಹಬೆ, ಉಸಿರು, ಚೇತನ ಎಲ್ಲವೂ ಆಗಿ, ಪ್ರಾಟೆಸ್ಟಂಟ್ ಬೈಬಲ್ಲಿನ ‘ಪರಿಶುತ್ತ ಆವಿ’ಯಲ್ಲಿ ದೈವತ್ವವನ್ನೂ ಪಡೆಯಿತು; ಇಂದಿನ ಬಳಕೆಯಲ್ಲಿ ಪ್ರೇತಕ್ಕೂ ಅದೇ ಪದ. ತಮಿಳು ಹೀಗೆ ಪ್ನ್ಯೂಮದ ಎರಡು ತುದಿಗಳನ್ನೂ ಒಂದು ದ್ರಾವಿಡ ಪದದಲ್ಲಿ ಹಿಡಿದಿಟ್ಟಿತು. ಕನ್ನಡದ ಆವಿ ಅನ್ನದ ಗಡಿಗೆಯ ಮೇಲೆಯೇ ಉಳಿಯಿತು.

ಗದ್ದುಗೆಯ ಮಾತೂ ಇಲ್ಲಿಯೇ ಬರಬೇಕು. ಗುರುವಿನ ಸಮಾಧಿಯನ್ನು ಗದ್ದುಗೆ ಎಂದು ಕರೆಯುವಾಗ ಭಾಷೆ ಸಾವನ್ನು ಹೇಳುವುದಿಲ್ಲ, ಆಸನವನ್ನು ಹೇಳುತ್ತದೆ. ಸಂತರ ಸಾವು ಇಲ್ಲಿ ‘ಲಿಂಗೈಕ್ಯ’. ಕಲಬುರಗಿಯ ಬಂದೇನವಾಜರ ದರ್ಗಾದಲ್ಲಿ ‘ಉರುಸ್’, ಅಂದರೆ ಅರಬ್ಬಿಯ ಮದುವೆ. ರೋಮಿನ ಚರ್ಚಿನಲ್ಲಿ ಹುತಾತ್ಮರ ‘ಹುಟ್ಟಿದ ದಿನ’. ‘ದರ್ಗಾ’ ಎಂಬ ಪಾರಸಿ ಪದಕ್ಕೆ ಬಾಗಿಲು, ಆಸ್ಥಾನ ಎಂಬರ್ಥಗಳಿರುವುದರಿಂದ ಅಲ್ಲಿಗೆ ಬಂದವರ ಮೈಮೇಲಿನ ಚೇತನ ‘ಹಾಜರಿ’ ಕೊಡುತ್ತದೆ. ಆಳುವವನು ಕುಳಿತಿದ್ದಾನೆ, ಕಾಡುವವನು ಅವನೆದುರು ನಿಲ್ಲಬೇಕು. ಗದ್ದುಗೆ ಮತ್ತು ದರ್ಗಾಗಳ ನಡುವಿನ ಈ ಸಾಮ್ಯ ಮತಗಳ ಗಡಿ ದಾಟಿದ್ದು. ಎರಡೂ ಆಸ್ಥಾನದ ಪರಿಭಾಷೆಯೇ.

ಬಳ್ಳಾರಿಯ ಅನುವಾದಕರು

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ ಬೈಬಲ್ ಕನ್ನಡಕ್ಕೆ ಬಂದಿತು. ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರದು. ತುಂಗಭದ್ರೆಯ ಸೀಮೆಯಲ್ಲಿಯೇ ಕುಳಿತು ಕೆಲಸ ಮಾಡಿದ ಇವರ ಪರಂಪರೆಗೆ ‘ಗಾಳಿ’ಯ ಎರಡನೆಯ ಅರ್ಥ ತಿಳಿಯದೆ ಇರಲು ಸಾಧ್ಯವಿರಲಿಲ್ಲ. ಆದರೂ ಕನ್ನಡ ಬೈಬಲ್ಲಿನಲ್ಲಿ ನೆಲೆಗೊಂಡ ಪದ ‘ಪವಿತ್ರಾತ್ಮ’. ಇದರ ಫಲವನ್ನು ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದ 8ನೆಯ ವಚನದಲ್ಲಿ ಕಾಣಬಹುದು. ಮೂಲದಲ್ಲಿ ಬೀಸುವುದೂ ಪ್ನ್ಯೂಮ, ಹೊಸ ಹುಟ್ಟನ್ನು ಕೊಡುವುದೂ ಪ್ನ್ಯೂಮ. ವಚನದ ಸ್ವಾರಸ್ಯವೆಲ್ಲ ಆ ಒಂದೇ ಪದದಲ್ಲಿದೆ. ಜೆರೋಮನ ಲ್ಯಾಟಿನ್ ಅದನ್ನು ಉಳಿಸಿಕೊಂಡಿತು. ಲೂಥರನ ಜರ್ಮನ್, 1611ರ ಇಂಗ್ಲಿಷ್ ಎರಡೂ ಪದವನ್ನು ಸೀಳಿದವು. ಕನ್ನಡದಲ್ಲಿಯೂ ಮೊದಲನೆಯದು ಗಾಳಿ, ಎರಡನೆಯದು ಆತ್ಮ. ತಮಿಳು ಕೂಡ ಇಲ್ಲಿ ಕಾಟ್ರು, ಆವಿ ಎಂದು ಎರಡಾಗಿಸುತ್ತದೆ.

ಅನುವಾದಕರ ನಿರ್ಧಾರವನ್ನು ತಪ್ಪೆನ್ನಲಾಗದು. ಪವಿತ್ರವೆಂದು ವಿಶೇಷಿಸಿದ ಮಾತ್ರಕ್ಕೆ ಗಾಳಿ ಪೂಜ್ಯವಾಗುವ ಸ್ಥಿತಿ ಕನ್ನಡದಲ್ಲಿರಲಿಲ್ಲ, ಓದುಗ ಬೆಚ್ಚುತ್ತಿದ್ದ. ಆದರೆ ಈ ನಿರ್ಧಾರ ಅದುವರೆಗೆ ಬಾಯಿಮಾತಿನಲ್ಲಿದ್ದ ಹಂಚಿಕೆಗೆ ಅಚ್ಚಿನ ಮುದ್ರೆಯೊತ್ತಿತು.

ಕೆಡುಕಿನ ಕಡೆಗೆ ಅವರು ಆರಿಸಿದ ‘ದೆವ್ವ’ದ ಕಥೆ ಇನ್ನೂ ಸ್ವಾರಸ್ಯದ್ದು. ದೈವ, ದೆಯ್ವ, ದೆವ್ವ ಎಂಬ ತದ್ಭವ ಮಾರ್ಗದಲ್ಲಿ ದೇವರ ಪದವೇ ಪಿಶಾಚಿಯ ಪದವಾಯಿತು. ಹೀನಾರ್ಥಪ್ರಾಪ್ತಿಗೆ ಪಾಠ ಹೇಳುವಾಗ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕನ್ನಡದಲ್ಲಿ ವಿರಳ. ಗ್ರೀಕಿನ ‘ದೈಮೋನ್’ ಇದೇ ಹಾದಿ ಹಿಡಿದಿತ್ತು: ಮೊದಲು ಮನುಷ್ಯನಿಗೂ ದೇವತೆಗೂ ನಡುವಿನ ಶಕ್ತಿ, ಚರ್ಚಿನ ಕಾಲಕ್ಕೆ ಪಿಶಾಚಿ. ಅವೆಸ್ತಾದ ‘ದಏವ’ ಅದಕ್ಕೂ ಮೊದಲೇ ಬಿದ್ದಿತ್ತು. ಕನ್ನಡ ಬೈಬಲ್ ದೈಮೋನಿಗೆ ದೆವ್ವವೆಂದಾಗ, ಬಿದ್ದ ಪದಕ್ಕೆ ಬಿದ್ದ ಪದವೇ ಜೊತೆಯಾಯಿತು. ತುಳುವಿನಲ್ಲಿ ಹಾಗಾಗಲಿಲ್ಲ, ಅಲ್ಲಿ ದೈವ ಇಂದಿಗೂ ಆರಾಧ್ಯ, ಭೂತವೂ ಆರಾಧ್ಯ. ಆದರೂ 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರ್ನೆಲ್ ಅವರ ಸಂಗ್ರಹ ಅಚ್ಚಾದಾಗ ಅದಕ್ಕೆ ತುಳುವರ ‘ಡೆವಿಲ್ ವರ್ಷಿಪ್’ ಎಂಬ ಹೆಸರು ಬಿದ್ದಿತು. ಕಿಟೆಲರ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದೂ ಅದೇ 1894ರಲ್ಲಿ ಎಂಬುದು ಕಾಕತಾಳೀಯ.

ಒಂದು ಕಡೆ ಮಾತ್ರ ಅನುವಾದಕರು ಹಳ್ಳಿಯ ಮಾತಿಗೆ ಸಂಪೂರ್ಣ ಒಪ್ಪಿಸಿಕೊಂಡರು. ಗ್ರೀಕಿನಲ್ಲಿ ಯೇಸು ದೆವ್ವಗಳನ್ನು ‘ಹೊರಗೆಸೆಯುತ್ತಾನೆ’, ಕನ್ನಡದಲ್ಲಿ ‘ಬಿಡಿಸುತ್ತಾನೆ’. ಅಜ್ಜಯ್ಯನ ಗದ್ದುಗೆಯ ಮುಂದೆ ಕೇಳಿಬರುವ ಕ್ರಿಯಾಪದವೂ ಅದೇ.

ಬಡಿ, ಹಿಡಿ, ಬರು, ಬಿಡು

ನಾಮಪದಗಳಿಗಿಂತ ಕ್ರಿಯಾಪದಗಳು ಹೆಚ್ಚು ಪ್ರಾಮಾಣಿಕವಾದ ಸಾಕ್ಷಿಗಳು. ಈ ಕ್ಷೇತ್ರದ ಕನ್ನಡ ಕ್ರಿಯಾಪದಗಳಲ್ಲಿ ಒಂದು ಕಟ್ಟು ಇದೆ. ಗಾಳಿಗೆ ಹೆಚ್ಚಾಗಿ ಸೇರುವವು ‘ಸೋಕು’, ‘ಬಡಿ’. ಇವು ನಿಜವಾದ ಗಾಳಿಗೂ ಸಲ್ಲುವ ಕ್ರಿಯೆಗಳು. ದೆವ್ವಕ್ಕೆ ‘ಹಿಡಿ’, ‘ಮೆಟ್ಟಿಕೊಳ್ಳು’. ಇವಕ್ಕೆ ಕೈಕಾಲು ಬೇಕು. ದೇವರಿಗೆ ‘ಬರು’, ‘ಮೈದುಂಬು’. ಸೋಕುವುದರಿಂದ ಮೆಟ್ಟುವವರೆಗೆ ತೀವ್ರತೆಯ ಏರಿಕೆಯಿದೆ, ಜೊತೆಗೆ ಕರ್ತೃವಿಗೆ ದೇಹವೂ ಸಂಕಲ್ಪವೂ ಸ್ವಲ್ಪ ಸ್ವಲ್ಪವಾಗಿ ಕೂಡಿಕೊಳ್ಳುತ್ತವೆ. ‘ಗಾಳಿ ಬಡಿದಿದೆ’ ಎನ್ನುವವನು ಯಾರನ್ನೂ ಹೆಸರಿಸಿಲ್ಲ. ಪಾರ್ಶ್ವವಾಯುವಿಗೆ ‘ಹೊಡೆಯಿತು’ ಎನ್ನುವಲ್ಲಿಯೂ ಇದೇ ತರ್ಕವಿದೆ. ಚೀನೀ ಭಾಷೆಯಲ್ಲಿ ಆ ರೋಗದ ಹೆಸರು ‘ಗಾಳಿಯ ಪೆಟ್ಟು’ ಎಂದೇ ಅರ್ಥ ಕೊಡುತ್ತದೆ.

ವಿಭಕ್ತಿಯನ್ನು ನೋಡಿ. ‘ಆಕೆಗೆ ಜ್ವರ ಬಂದಿದೆ’, ‘ಆಕೆಗೆ ಹಸಿವಾಗಿದೆ’, ‘ಆಕೆಗೆ ಗಾಳಿ ಬಡಿದಿದೆ’. ಮೂರರಲ್ಲಿಯೂ ಅನುಭವಿಸುವವಳು ಚತುರ್ಥಿಯಲ್ಲಿದ್ದಾಳೆ. ವ್ಯಾಕರಣ ಗಾಳಿಯನ್ನು ಜ್ವರದ ಪಕ್ಕದಲ್ಲಿ ಕೂರಿಸಿದೆ: ಅದು ಬಂದದ್ದು, ಹೋಗತಕ್ಕದ್ದು, ಅವಳ ಸ್ವಭಾವವಲ್ಲ. ಇಂಗ್ಲಿಷಿನ ‘ಪೊಸೆಸ್ಡ್’ ಇದಕ್ಕೆ ತದ್ವಿರುದ್ಧ. ಅದರ ಲ್ಯಾಟಿನ್ ಮೂಲದಲ್ಲಿ ಒಡೆಯನಾಗಿ ಕುಳಿತುಕೊಳ್ಳುವುದು ಎಂಬರ್ಥವಿದೆ. ಜರ್ಮನಿನ ‘ಬೆಸೆಸ್ಸೆನ್’ ಪದದಲ್ಲಿಯೂ ಕೂರುವ ಧಾತುವೇ ಇದೆ. ಚರ್ಚಿನ ಪಿಶಾಚಶಾಸ್ತ್ರ ಹೊರಗಿನಿಂದ ಮುತ್ತುವುದಕ್ಕೆ ‘ಒಬ್ಸೆಸ್ಸಿಯೊ’ ಎಂದೂ ಒಳಗೆ ನೆಲೆಸುವುದಕ್ಕೆ ‘ಪೊಸ್ಸೆಸ್ಸಿಯೊ’ ಎಂದೂ ಕೋಟೆಯ ಮುತ್ತಿಗೆಯ ಭಾಷೆಯಲ್ಲಿ ಭೇದ ಮಾಡಿತು. ಅಲ್ಲಿ ಮನುಷ್ಯ ಸ್ವತ್ತು. ಕನ್ನಡದಲ್ಲಿ ಮನುಷ್ಯ ರೋಗಿ.

ಲಿಂಗದ ಅನ್ವಯ ಇನ್ನೂ ಸೂಕ್ಷ್ಮವಾದುದು. ‘ದೇವರು ಕಾಪಾಡುತ್ತಾನೆ’ ಎನ್ನುವವರೇ ‘ಮೈಮೇಲೆ ದೇವರು ಬರುತ್ತೆ’ ಎನ್ನುತ್ತಾರೆ. ಮೈಗಿಳಿದ ಕೂಡಲೇ ದೇವರು ನಪುಂಸಕ. ಗಾಳಿಯೂ ಆರಂಭದಲ್ಲಿ ನಪುಂಸಕ. ಆದರೆ ಅದು ಬಾಯಿ ಬಿಟ್ಟು ಮಾತಾಡಿದಾಗ ‘ಯಾರು ನೀನು?’ ಎಂಬ ಪ್ರಶ್ನೆ ಬರುತ್ತದೆ. ಬಾವಿಗೆ ಬಿದ್ದ ಸೊಸೆ, ಹೆರಿಗೆಯಲ್ಲಿ ಸತ್ತ ಅಕ್ಕ, ಹೀಗೆ ಹೆಸರು ದೊರೆತರೆ ಅನ್ವಯ ಬದಲಾಗಿ ‘ಬಂದೈತಿ’ ಹೋಗಿ ‘ಬಂದಾಳೆ’ ಆಗುತ್ತದೆ. ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಅಶುದ್ಧ ಚೇತನಕ್ಕೆ ಕೇಳುವುದೂ ಹೆಸರನ್ನೇ. ಅಲ್ಲಿ ದೊರೆತ ಉತ್ತರ ‘ಲೆಗಿಯೋನ್’, ರೋಮಿನ ಸೇನಾದಳದ ಹೆಸರು. ನಮ್ಮಲ್ಲಿ ದೊರೆಯುವುದು ಬಹುಮಟ್ಟಿಗೆ ಮನೆಯವರ ಹೆಸರು. ಈ ಪ್ರತ್ಯಯದ ಬದಲಾವಣೆಯಲ್ಲಿ ಒಂದು ಮನೆಯ ಮುಚ್ಚಿಟ್ಟ ಸಾವು ವ್ಯಾಕರಣದೊಳಗೆ ಪ್ರವೇಶಿಸುತ್ತದೆ. ಕ್ಷೇತ್ರಕಾರ್ಯ ಮಾಡುವವರು ವಾಕ್ಯಗಳನ್ನು ಶಿಷ್ಟಗನ್ನಡಕ್ಕೆ ತಿದ್ದಿ ಬರೆದುಕೊಂಡರೆ ಇದು ಕಾಣದೆ ಹೋಗುತ್ತದೆ.

ಇನ್ನು ‘ಬಿಡಿಸು’. ಇದು ‘ಬಿಡು’ ಧಾತುವಿನ ಪ್ರೇರಣಾರ್ಥಕ. ಬಿಡಬೇಕಾದದ್ದು ಗಾಳಿ, ಬಿಡುವಂತೆ ಮಾಡುವವನು ಅಜ್ಜಯ್ಯ. ‘ಎಕ್ಸಾರ್ಸಿಸಂ’ ಪದದ ಗ್ರೀಕ್ ಮೂಲ ‘ಹೋರ್ಕೊಸ್’, ಅಂದರೆ ಆಣೆ. ಆಣೆಯಿಟ್ಟು ಕಟ್ಟುವುದು ಅದರ ಒಳಾರ್ಥ. ಪತ್ರಿಕೆಗಳ ‘ಉಚ್ಚಾಟನೆ’ ತಂತ್ರಶಾಸ್ತ್ರದ ಷಟ್ಕರ್ಮಗಳಲ್ಲಿ ಒಂದು. ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂಬ ಪಟ್ಟಿಯಲ್ಲಿ ಅದರ ಜಾಗ ವೈರಿಯನ್ನು ಊರಿನಿಂದ ಓಡಿಸುವ ಕರ್ಮದ್ದು, ಮಾರಣಕ್ಕೆ ಒಂದೇ ಮೆಟ್ಟಿಲು ಈಚೆ. ಸಂಸ್ಕೃತದ ಘನತೆಗೆ ಮಾರುಹೋದ ವರದಿಗಾರರು ಬಿಡುಗಡೆಯ ಪದವನ್ನು ಬಿಟ್ಟು ಅಭಿಚಾರದ ಪದವನ್ನು ಕೈಗೆತ್ತಿಕೊಂಡದ್ದು ವಿಷಾದಕರ.

ಪರಿಭಾಷೆ ಮತ್ತು ಪಾಡು

ಈ ವಿವೇಚನೆ ಪದಗಳ ವಿನೋದಕ್ಕಷ್ಟೇ ಸೀಮಿತವಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಆಸರೆಗೆಂದು ತಂದ ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಗಾಳಿಯ ಮಾತು ಎಷ್ಟೇ ಮೃದುವಾಗಿದ್ದರೂ, ಬಿಡಿಸುವ ನೆಪದಲ್ಲಿ ಹೊಡೆತವೂ ಸರಪಳಿಯೂ ಬರಬಲ್ಲವು. ಹೊಡೆತ ಬೀಳುವುದು ದೆವ್ವಕ್ಕೆ, ಅವಳಿಗಲ್ಲ ಎಂಬ ಸಮರ್ಥನೆಯೂ ಅದೇ ವ್ಯಾಕರಣದಿಂದ ಹುಟ್ಟುತ್ತದೆ. ಭಾಷೆಯ ಸೊಬಗಿಗೆ ಮನಸೋತು ಇದನ್ನು ಮರೆಯುವ ಜಾನಪದಪ್ರೇಮ ಈ ಲೇಖಕನಿಗೆ ಒಪ್ಪಿಗೆಯಲ್ಲ. ಕರ್ನಾಟಕದ ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರ ನಿರ್ಮೂಲನೆಯ 2017ರ ಕಾಯ್ದೆ ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು ಅಪರಾಧವೆಂದಿತು. ಯಾತ್ರೆ, ಪೂಜೆ, ಪ್ರದಕ್ಷಿಣೆಗಳನ್ನು ಮುಟ್ಟಲಿಲ್ಲ. ಕಾನೂನು ನಾಮಪದವನ್ನು ಬಿಟ್ಟು ಕ್ರಿಯಾಪದಗಳ ಮೇಲೆ ಕಣ್ಣಿಟ್ಟದ್ದು ವಿವೇಕ.

ವೈದ್ಯದ ಪರಿಭಾಷೆ ಅಷ್ಟು ಎಚ್ಚರ ವಹಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿಯೂ ಹನ್ನೊಂದನೆಯದರಲ್ಲಿಯೂ ‘ಪೊಸೆಷನ್’ ಪದ ಉಳಿದಿದೆ. ಚರ್ಚಿನ ಅಂಗಳದಿಂದ ಆಸ್ಪತ್ರೆಗೆ ಬಂದ ಆ ಪದವನ್ನು ಕನ್ನಡಕ್ಕೆ ತಂದು ‘ದೆವ್ವ ಹಿಡಿದಿದೆಯೇ?’ ಎಂದು ಪ್ರಶ್ನೆ ಕೇಳಿದರೆ, ‘ಗಾಳಿ ಸೋಕಿದೆ’ ಎಂದಷ್ಟೇ ಹೇಳಬಂದ ತಾಯಿ ಇಲ್ಲವೆನ್ನುತ್ತಾಳೆ, ಇಲ್ಲವೇ ತನಗಿಲ್ಲದ ದೆವ್ವವೊಂದನ್ನು ಒಪ್ಪಿಕೊಳ್ಳುತ್ತಾಳೆ. ಎರಡರಲ್ಲಿ ಯಾವ ಉತ್ತರ ಬಂದರೂ ದಾಖಲೆ ತಪ್ಪಿತು.

ನಮ್ಮ ಶಾಸ್ತ್ರದ ಮನೆಯಲ್ಲಿಯೂ ಇಂಥದೇ ಸೀಳು ಇದೆ. ಇಪ್ಪತ್ತನೆಯ ಶತಮಾನದಲ್ಲಿ ಫ. ಗು. ಹಳಕಟ್ಟಿಯವರ 1923ರ ‘ವಚನಶಾಸ್ತ್ರಸಾರ’ದಿಂದ ಮೊದಲಾಗಿ ವಚನಗಳು ಅಚ್ಚಿಗೆ ಬಂದು, ‘ಮಿಸ್ಟಿಸಿಸಂ’ ಎಂಬುದಕ್ಕೆ ವಚನಕಾರರ ‘ಅನುಭಾವ’ವನ್ನು ಸರಿದೂಗಿಸಲಾಯಿತು. ಗ್ರೀಕ್ ಮೂಲದಲ್ಲಿ ಮೊದಲನೆಯದು ಕಣ್ಣುಬಾಯಿ ಮುಚ್ಚಿದ ಗುಟ್ಟು, ಎರಡನೆಯದು ಬಲ್ಲವರ ಕೂಟದಲ್ಲಿ ಹಂಚಿಕೊಳ್ಳುವ ಅರಿವು. ಆ ವ್ಯತ್ಯಾಸ ಒತ್ತಟ್ಟಿಗಿರಲಿ. ಹೀಗೆ ಅನುಭಾವ ಸಾಹಿತ್ಯ ವಿಭಾಗಕ್ಕೂ ಗಾಳಿ ಜಾನಪದ ವಿಭಾಗಕ್ಕೂ ಹೋದವು. ಗದ್ದುಗೆಯ ಮುಂದೆ ನಿಂತ ಕುಟುಂಬವಾದರೋ ‘ಐಕ್ಯ’ವನ್ನೂ ‘ಗಾಳಿ’ಯನ್ನೂ ಒಂದೇ ಉಸಿರಿನಲ್ಲಿ ಆಡುತ್ತದೆ.

ನಿಘಂಟುಕಾರರಿಗೆ ಇಲ್ಲಿ ಒಂದು ಸಣ್ಣ ಕೆಲಸ ಉಳಿದಿದೆ. ‘ಗಾಳಿ’ಯ ನಮೂದಿನಲ್ಲಿ ಬೀಸುವ ಗಾಳಿಯಾದ ಮೇಲೆ ‘ದೆವ್ವ, ಪಿಶಾಚಿ’ ಎಂದು ಸಮಾನಾರ್ಥಕ ಕೊಟ್ಟು ಮುಗಿಸುವ ರೂಢಿಯನ್ನು ಬಿಡಬೇಕು. ಸೋಕು, ಬಡಿ, ಬಿಡು ಎಂಬ ಕ್ರಿಯೆಗಳೊಡನೆ, ಚತುರ್ಥಿಯ ವಾಕ್ಯದೊಡನೆ, ಹರಿಹರ–ರಾಣೆಬೆನ್ನೂರು ಸೀಮೆಯ ಆಡುನುಡಿಯ ಪ್ರಯೋಗಗಳೊಡನೆ ಅದು ಪ್ರತ್ಯೇಕ ಅರ್ಥವಾಗಿ ನಿಲ್ಲಬೇಕು. ಗುಣವಾದದ್ದನ್ನು ಹೇಳುವ ‘ಮೈ ಹಗುರಾಯಿತು’ ಎಂಬ ಮಾತನ್ನೂ ಅದೇ ನಮೂದಿನಡಿ ಸೇರಿಸಬಹುದು. ಗಾಳಿ ಬಿಟ್ಟುಹೋದ ಮೇಲೆ ಮೈ ಭಾರವಾಗದೆ ಹಗುರಾಗುತ್ತದೆ ಎಂಬಲ್ಲಿ, ಆ ಪದ ತನ್ನ ಮೊದಲ ಅರ್ಥದಿಂದ ಎಷ್ಟು ದೂರ ಬಂದಿದೆಯೆಂಬುದು ತಿಳಿಯುತ್ತದೆ.